ರೀಸ್ಟಾರ್ಟ್ ಆಗಿ ಒಂದು ವಾರಕ್ಕೆ ಡೊಮೇನ್ ಸತ್ತಿದ್ದು ಯಾಕೆ? ಬೈಂಡ್ ಕಾನ್ಫಿಗ್ ಫೈಲುಗಳನ್ನ ಹದಕ್ಕೆ ತರೋದು ಹೇಗೆ?

ಪ್ರಶ್ನೆ: ಹಿಂದೆ ನೋಡ್ಕೋತಿದ್ದವರು ಕೆಲಸ ಬಿಟ್ಮೇಲೆ ಎರಡು ಬೈಂಡ್ ಸರ್ವರ್ (ಡೊಮೇನ್ ಹೆಸರು ಕೇಳಿದವರಿಗೆ ಅದರ ವಿಳಾಸ ಹೇಳೋ ಡಿಎನ್‌ಎಸ್ ಸಾಫ್ಟ್‌ವೇರ್) ನನ್ನ ತಲೆಗೆ ಬಂದಿವೆ ಸರ್. ಒಂದು ಪ್ರೈಮರಿ, ಅದರಿಂದ ಕಾಪಿ ತಗೊಳ್ಳೋ ಒಂದು ಸೆಕೆಂಡರಿ, ಎರಡೂ ಡೆಬಿಯನ್ ಲಿನಕ್ಸ್, ಹತ್ತಿರ ಹತ್ತಿರ 60 ಝೋನ್, ಅಂದ್ರೆ ಒಂದೊಂದು ಡೊಮೇನಿನ ರೆಕಾರ್ಡುಗಳ ಗುಂಪು. ಎಲ್ಲಾ ಝೋನೂ ಒಂದೇ ಉದ್ದದ ಫೈಲಲ್ಲಿ, ಅದ್ರಲ್ಲಿ ಅರ್ಧ ಕಮೆಂಟ್ ಮಾಡಿಟ್ಟಿರೋದು, ಪಕ್ಕದಲ್ಲಿ ಬ್ಯಾಕಪ್, ಓಲ್ಡ್, ಓಲ್ಡ್2 ಅಂತ ಫೈಲುಗಳ ರಾಶಿ. ನಾಲ್ಕು ಜನ ರೂಟ್ ಆಗಿ ಹೋಗಿ ನೇರವಾಗಿ ಎಡಿಟ್ ಮಾಡ್ತಾರೆ. ಮೊನ್ನೆ ಪ್ಯಾಚ್ ಹಾಕಿ ಪ್ರೈಮರಿ ರೀಸ್ಟಾರ್ಟ್ ಮಾಡಿದೆ, ಎಲ್ಲಾ ಚೆನ್ನಾಗೇ ಇತ್ತು, ಒಂದು ವಾರ ಆದ್ಮೇಲೆ ಇದ್ದಕ್ಕಿದ್ದ ಹಾಗೆ ಮೂರು ಡೊಮೇನ್ ಸತ್ತೋದ್ವು. ಆ ವಾರದಲ್ಲಿ ಯಾರೂ ಏನೂ ಮುಟ್ಟಿರ್ಲಿಲ್ಲ. ಏನಾಗಿರಬಹುದು? ಈ ಫೈಲುಗಳನ್ನ ಸರಿ ಮಾಡೋದು ಹೇಗೆ, ಗಿಟ್‌ಗೆ (ಫೈಲಿನ ಪ್ರತಿ ಬದಲಾವಣೆನೂ ನೆನಪಿಟ್ಕೊಳ್ಳೋ ಟೂಲ್) ಹಾಕಿದ್ರೆ ಸಾಕಾ, ಇಲ್ಲ ವೆಬ್‌ಮಿನ್ ಥರದ್ದೊಂದು ಬ್ರೌಸರ್ ಪ್ಯಾನಲ್ ಹಾಕ್ಕೊಳ್ಳೋದು ಒಳ್ಳೇದಾ?

ಉತ್ತರ: ಮೊದಲು ಆ ಮೂರು ಡೊಮೇನ್ ವಿಷಯ ನೋಡೋಣ, ಅದು ಅರ್ಥ ಆದ್ರೆ ಮಿಕ್ಕಿದ್ದನ್ನ ಯಾಕೆ ಹಾಗೆ ಮಾಡಿ ಅಂತೀನಿ ಅನ್ನೋದೂ ಅರ್ಥ ಆಗತ್ತೆ. ಆ ಝೋನುಗಳ ಎಸ್‌ಒಎ ರೆಕಾರ್ಡ್ (ಝೋನಿನ ಸೀರಿಯಲ್, ಅವಧಿಗಳು ಇರೋ ರೆಕಾರ್ಡ್) ತೆಗೆದು ಎಕ್ಸ್‌ಪೈರ್ ಅನ್ನೋ ಸಂಖ್ಯೆ ಎಷ್ಟಿದೆ ನೋಡಿ. 604800 ಇರತ್ತೆ ಅಂತ ನನ್ನ ಅಂದಾಜು, ಸೆಕೆಂಡ್ ಲೆಕ್ಕದಲ್ಲಿ ಅದು 7 ದಿನ. ಯಾರೂ ಏನೂ ಮುಟ್ಟಿರ್ಲಿಲ್ಲ ಅಂತೀರಲ್ಲ, ಆ ವಾರದಲ್ಲಿ ಮುಟ್ಟಿರಲ್ಲ, ಅದಕ್ಕೂ ಮುಂಚೆ ಯಾವತ್ತೋ ಮುಟ್ಟಿದಾರೆ.

ನಡೆದಿರೋದು ಬಹುಶಃ ಹೀಗೆ. ನಿಮ್ಮ ನಾಲ್ಕು ಜನರಲ್ಲಿ ಯಾರೋ ಒಬ್ರು ಆ ಝೋನ್ ಫೈಲುಗಳಲ್ಲಿ ಏನೋ ಸೇರಿಸಿದಾರೆ, ಅದ್ರಲ್ಲಿ ಒಂದು ತಪ್ಪಿದೆ, ಉದಾಹರಣೆಗೆ ಆಗಲೇ ಎ ರೆಕಾರ್ಡ್ (ಐಪಿ ವಿಳಾಸ) ಇರೋ ಹೆಸರಿಗೇ ಸಿನೇಮ್ (ಬೇರೆ ಹೆಸರಿಗೆ ತೋರಿಸೋ ರೆಕಾರ್ಡ್) ಕೂಡ ಹಾಕಿದಾರೆ. ಆಮೇಲೆ ಬೈಂಡನ್ನ ನಡೆಸೋ ಆರ್‌ಎನ್‌ಡಿಸಿ ಅನ್ನೋ ಕಮಾಂಡಲ್ಲಿ ರೀಲೋಡ್ ಕೊಟ್ಟಿದಾರೆ. ಬೈಂಡ್ "ಸರ್ವರ್ ರೀಲೋಡ್ ಸಕ್ಸೆಸ್‌ಫುಲ್" ಅಂತ ಹೇಳಿದೆ, ಇವರು ನೆಮ್ಮದಿಯಾಗಿ ಎದ್ದು ಹೋಗಿದಾರೆ. ಆದ್ರೆ ಆ ಸಕ್ಸೆಸ್‌ಫುಲ್ ಬಂದಿದ್ದು ಮೇನ್ ಕಾನ್ಫಿಗ್ ಸರಿ ಇದೆ ಅನ್ನೋದಕ್ಕೆ ಮಾತ್ರ, ಒಂದೊಂದು ಝೋನೂ ಲೋಡ್ ಆಯ್ತು ಅಂತ ಅಲ್ಲ. ತಪ್ಪಿರೋ ಝೋನನ್ನ ಬೈಂಡ್ ಬೇಡ ಅಂತ ಬಿಟ್ಟು, ಮೆಮೊರಿಯಲ್ಲಿ ಆಗಲೇ ಇದ್ದ ಹಳೇ ಝೋನನ್ನೇ ಇಟ್ಕೊಂಡು ಉತ್ತರ ಕೊಡ್ತಾ ಇರತ್ತೆ, ಲಾಗಲ್ಲಿ ಮಾತ್ರ "ನಾಟ್ ಲೋಡೆಡ್ ಡ್ಯೂ ಟು ಎರರ್ಸ್" ಅಂತ ಒಂದು ಸಾಲು ಬಿದ್ದಿರತ್ತೆ. ಅದನ್ನ ಯಾರು ಓದ್ತಾರೆ. ಹೀಗೆ ತಿಂಗಳುಗಟ್ಟಲೆ ಬೂದಿ ಮುಚ್ಚಿದ ಕೆಂಡದ ಥರ ಇರತ್ತೆ. ಆಮೇಲೆ ನೀವು ಬಂದು ಪ್ಯಾಚ್‌ಗೋಸ್ಕರ ರೀಸ್ಟಾರ್ಟ್ ಮಾಡ್ತೀರಿ, ಮೆಮೊರಿ ಖಾಲಿ, ಡಿಸ್ಕಲ್ಲಿರೋದು ಕೆಟ್ಟ ಫೈಲು, ಝೋನ್ ಲೋಡ್ ಆಗಲ್ಲ, ಪ್ರೈಮರಿ ಆ ಡೊಮೇನಿಗೆ ಸರ್ವ್‌ಫೇಲ್ (ಉತ್ತರ ಕೊಡಕ್ಕಾಗಲ್ಲ ಅನ್ನೋ ಎರರ್) ಕೊಡಕ್ಕೆ ಶುರು ಮಾಡತ್ತೆ.

ಆದ್ರೂ ಅವತ್ತೇ ಯಾಕೆ ಗೊತ್ತಾಗ್ಲಿಲ್ಲ ಅಂದ್ರೆ, ಸೆಕೆಂಡರಿ ಇತ್ತಲ್ಲ. ಪ್ರೈಮರಿ ಕೈಕೊಟ್ರೆ ರಿಸಾಲ್ವರ್‌ಗಳು (ಬಳಸೋರ ಪರವಾಗಿ ಡೊಮೇನ್ ವಿಳಾಸ ಹುಡುಕೋ ಸರ್ವರ್‌ಗಳು) ಸೆಕೆಂಡರಿ ಹತ್ರ ಹೋಗ್ತವೆ, ಅದರ ಹತ್ರ ಕೊನೇ ಸಲ ತಗೊಂಡಿದ್ದ ಒಳ್ಳೇ ಕಾಪಿ ಇದೆ, ಅದು ಉತ್ತರ ಕೊಡತ್ತೆ, ಬಳಸೋರಿಗೆ ಏನೂ ಗೊತ್ತಾಗಲ್ಲ. ಆದ್ರೆ ಸೆಕೆಂಡರಿ ಆಗಾಗ ಪ್ರೈಮರಿನ ನಿನ್ನ ಸೀರಿಯಲ್ (ಝೋನ್ ಬದಲಾದಾಗೆಲ್ಲ ಏರಿಸೋ ನಂಬರ್) ಎಷ್ಟು ಅಂತ ಕೇಳ್ತಾನೇ ಇರತ್ತೆ, ಪ್ರತಿ ಸಲ ಸರ್ವ್‌ಫೇಲ್ ಬರತ್ತೆ, ಹೀಗೆ ಎಕ್ಸ್‌ಪೈರ್ ಟೈಮ್ ಪೂರ್ತಿ ಕಳೆದ್ಮೇಲೆ ಈ ಕಾಪಿನ ಇನ್ನು ನಂಬೋ ಹಾಗಿಲ್ಲ ಅಂತ ಅದೂ ಉತ್ತರ ಕೊಡೋದು ನಿಲ್ಲಿಸತ್ತೆ. ಅದೇ ನಿಮ್ಮ ವಾರದ ಲೆಕ್ಕ. ಜರ್ನಲ್‌ಸಿಟಿಎಲ್‌ನಲ್ಲಿ ರೀಸ್ಟಾರ್ಟ್ ಆದ ಹೊತ್ತಿನ ಲಾಗು, ಸೆಕೆಂಡರಿಯಲ್ಲಿ ಆ ಝೋನ್ "ಎಕ್ಸ್‌ಪೈರ್ಡ್" ಅನ್ನೋ ಸಾಲು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಖಾತ್ರಿ ಆಗತ್ತೆ. ಅಂದ ಹಾಗೆ ಆ ಎಕ್ಸ್‌ಪೈರ್ ಜಾಸ್ತಿ ಮಾಡಿ, 1996ರ ಆರ್‌ಎಫ್‌ಸಿ 1912 (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) ಹೇಳೋದೇ 2ರಿಂದ 4 ವಾರ ಇಡಿ ಅಂತ, ಒಂದು ವಾರ ತೀರಾ ಕಮ್ಮಿ.

ಇಲ್ಲಿಂದ ನೀವು ಹಿಡ್ಕೋಬೇಕಾದ ವಿಷಯ ಒಂದೇ. ನೇಮ್ ಸರ್ವರ್ ವಿಷಯದಲ್ಲಿ ಕಾನ್ಫಿಗ್ ಅನ್ನೋದು ಒಂದು ಕಡೆ ಇರಲ್ಲ, ಮೂರು ಕಡೆ ಇರತ್ತೆ. ಡಿಸ್ಕಲ್ಲಿರೋ ಫೈಲು, ನೇಮ್ಡ್, ಅಂದ್ರೆ ಓಡ್ತಾ ಇರೋ ಬೈಂಡ್ ಪ್ರೋಸೆಸ್‌ನ ಮೆಮೊರಿಯಲ್ಲಿ ಇರೋದು, ಸೆಕೆಂಡರಿ ಹತ್ರ ಇರೋದು. ಮೂರೂ ಒಂದೇ ಅಂತ ನಾವು ಸುಮ್ನೆ ಅಂದ್ಕೊಂಡಿರ್ತೀವಿ, ಯಾರೂ ನೋಡಿರಲ್ಲ. ಫೈಲುಗಳನ್ನ ಚೆನ್ನಾಗಿ ಜೋಡಿಸೋದು, ಗಿಟ್ಟಲ್ಲಿ ಹಾಕೋದು ಎಲ್ಲಾ ಸರಿನೇ, ಆದ್ರೆ ಅದು ಮೊದಲನೇದನ್ನ ಮಾತ್ರ ನೋಡ್ಕೊಳ್ಳತ್ತೆ.

ಹಾಗಾಗಿ ಇವತ್ತೇ ಮಾಡೋ ಕೆಲಸ ಇದು. ಪ್ರೈಮರಿಯಲ್ಲಿ ನೇಮ್ಡ್-ಚೆಕ್‌ಕಾನ್ಫ್ ಅನ್ನೋ ಪರೀಕ್ಷೆ ಟೂಲನ್ನ ಝಡ್ ಆಪ್ಷನ್ ಹಾಕಿ ಓಡಿಸಿ. ಸುಮ್ನೆ ನೇಮ್ಡ್-ಚೆಕ್‌ಕಾನ್ಫ್ ಅಂತ ಓಡಿಸಿದ್ರೆ ಮೇನ್ ಕಾನ್ಫಿಗ್‌ನ ಸಿಂಟ್ಯಾಕ್ಸ್ ಮಾತ್ರ ನೋಡತ್ತೆ, ಝಡ್ ಹಾಕಿದ್ರೆ ಎಲ್ಲಾ ಪ್ರೈಮರಿ ಝೋನುಗಳನ್ನ ನಿಜವಾಗ್ಲೂ ಲೋಡ್ ಮಾಡಿ ನೋಡತ್ತೆ, ಓಡ್ತಾ ಇರೋ ಸರ್ವರಿಗೆ ಏನೂ ತೊಂದರೆ ಇಲ್ಲ. ಅದ್ರಲ್ಲಿ ತಪ್ಪು ಅಂತ ಬಂದಿದ್ದೆಲ್ಲ ಮುಂದಿನ ರೀಸ್ಟಾರ್ಟಿಗೆ ಸಾಯಕ್ಕೆ ಕಾಯ್ತಾ ಇರೋ ಝೋನುಗಳು. ಇದನ್ನ ಕ್ರಾನ್‌ಗೆ ಹಾಕಿ ದಿನಾ ಒಂದ್ಸಲ ಓಡೋ ಹಾಗೆ ಮಾಡಿ, ತಪ್ಪು ಬಂದ್ರೆ ಮೇಲ್ ಬರ್ಲಿ. ಕೆಲವರು ಇದನ್ನ ಸಿಸ್ಟಮ್‌ಡಿ ಯೂನಿಟ್ಟಲ್ಲಿ ಸ್ಟಾರ್ಟ್ ಆಗೋಕೆ ಮುಂಚೆ ಓಡೋ ಹಾಗೆ ಹಾಕ್ತಾರೆ, ಅದು ಮಾತ್ರ ಬೇಡ, ಯಾಕಂದ್ರೆ ಒಂದು ಝೋನ್ ಕೆಟ್ಟಿದೆ ಅಂತ ಮಿಕ್ಕ 59 ಝೋನೂ ಮೇಲೇಳಲ್ಲ, ಮೂಗು ನೆಗಡಿ ಅಂತ ಮೂಗೇ ಕೊಯ್ಕೊಂಡ ಹಾಗಾಗತ್ತೆ.

ಈಗ ಫೈಲುಗಳ ಜೋಡಣೆ. ಡೆಬಿಯನ್ ಆಗಲೇ ಒಂದು ಚೌಕಟ್ಟು ಕೊಟ್ಟಿದೆ, /ಇಟಿಸಿ/ಬೈಂಡ್ ಒಳಗೆ ನೇಮ್ಡ್.ಕಾನ್ಫ್ ಅನ್ನೋ ಮುಖ್ಯ ಫೈಲು, ಅದು ಆಪ್ಷನ್ಸ್, ಲೋಕಲ್, ಡೀಫಾಲ್ಟ್-ಝೋನ್ಸ್ ಅಂತ ಮೂರು ಫೈಲನ್ನ ಇನ್‌ಕ್ಲೂಡ್ ಮಾಡ್ಕೊಳ್ಳತ್ತೆ. ಡೀಫಾಲ್ಟ್-ಝೋನ್ಸ್ ಮುಟ್ಟಕ್ಕೇ ಹೋಗಬೇಡಿ, ನೀವು ಬದಲಾಯಿಸಿದ್ರೆ ಪ್ಯಾಕೇಜ್ ಅಪ್‌ಡೇಟಲ್ಲಿ ಆ ಫೈಲ್ ಬದಲಾದಾಗೆಲ್ಲ ನಿಮ್ಮದು ಇಡ್ಲಾ ನಂದು ಇಡ್ಲಾ ಅಂತ ಕೇಳ್ತಾ ಇರತ್ತೆ. ಎಸಿಎಲ್‌ಗಳು (ಯಾರಿಗೆ ಅನುಮತಿ ಅನ್ನೋ ಪಟ್ಟಿಗಳು) ಒಂದು ಫೈಲು, ಟಿಸಿಗ್ ಕೀಗಳು (ಸರ್ವರ್‌ಗಳು ಒಂದನ್ನೊಂದು ಗುರುತಿಸೋ ರಹಸ್ಯ ಕೀಗಳು) ಬೇರೆ ಒಂದು ಫೈಲು, ಝೋನ್ ಪಟ್ಟಿ ಒಂದು ಫೈಲು, ಇಷ್ಟು ಸಾಕು. ಇನ್‌ಕ್ಲೂಡ್ ಸಾಲುಗಳಲ್ಲಿ ಪೂರ್ತಿ ಪಾಥ್ ಬರೀರಿ. ಕೀ ಫೈಲಿಗೆ ಓನರ್ ರೂಟ್, ಗ್ರೂಪ್ ಬೈಂಡ್, ಪರ್ಮಿಶನ್ 640. ಕೀಗಳನ್ನ ಬೇರೆ ಫೈಲಲ್ಲಿ ಇಡೋದ್ರಿಂದ ಮಿಕ್ಕಿದ್ದನ್ನ ನಿಶ್ಚಿಂತೆಯಾಗಿ ಗಿಟ್‌ಗೆ ಹಾಕಬಹುದು, ಬೇರೆಯವರಿಗೆ ತೋರಿಸಬಹುದು. ಒಂದು ಝೋನಿಗೆ ಒಂದು ಫೈಲು, ಫೈಲ್ ಹೆಸರು ಝೋನ್ ಹೆಸರೇ, ಜಾಣತನದ ಹೆಸರುಗಳು ಬೇಡ.

ಒಡೆಯೋಕೆ ಮುಂಚೆ ಒಂದು ಕೆಲಸ ಮಾಡಿ. ನೇಮ್ಡ್-ಚೆಕ್‌ಕಾನ್ಫ್‌ಗೆ ಪಿ ಆಪ್ಷನ್ ಇದೆ, ಇನ್‌ಕ್ಲೂಡ್ ಎಲ್ಲಾ ಸೇರಿಸಿ ಕಮೆಂಟ್ ಎಲ್ಲಾ ಕಿತ್ತು ಬೈಂಡ್‌ಗೆ ಹೇಗೆ ಕಾಣತ್ತೋ ಹಾಗೆ ಪೂರ್ತಿ ಕಾನ್ಫಿಗ್ ಪ್ರಿಂಟ್ ಮಾಡತ್ತೆ, ಜೊತೆಗೆ ಎಕ್ಸ್ ಹಾಕಿದ್ರೆ ಕೀಗಳ ರಹಸ್ಯವನ್ನ ಮರೆ ಮಾಡತ್ತೆ. ಈಗಿರೋ ಗೊಂದಲದ ಫೈಲಿಂದ ಒಂದು ಪ್ರಿಂಟ್ ತೆಗೆದಿಡಿ, ಒಡೆದು ಜೋಡಿಸಿದ್ಮೇಲೆ ಇನ್ನೊಂದು ತೆಗೀರಿ, ಎರಡನ್ನೂ ಡಿಫ್ ಮಾಡಿ. ಸಾಲುಗಳು ಹಿಂದೆ ಮುಂದೆ ಆಗಿರಬಹುದು, ಆದ್ರೆ ಒಂದು ಝೋನ್ ಮಾಯ ಆಗಿದ್ರೆ, ಒಂದು ಅಲೋ-ಟ್ರಾನ್ಸ್‌ಫರ್ (ಝೋನ್ ಕಾಪಿ ಯಾರು ತಗೋಬಹುದು ಅನ್ನೋ ಸಾಲು) ಬಿಟ್ಟೋಗಿದ್ರೆ ಅಲ್ಲೇ ಕಾಣತ್ತೆ. ಕಮೆಂಟ್ ಮಾಡಿಟ್ಟ ಅರ್ಧ ಫೈಲು, ಓಲ್ಡ್2 ಇತ್ಯಾದಿ ಎಲ್ಲಾ ಗಿಟ್ಟಿನ ಮೊದಲ ಕಮಿಟ್ಟಿಗೆ ಹಾಗ್ಹಾಗೇ ಹಾಕಿ, ಎರಡನೇ ಕಮಿಟ್ಟಲ್ಲಿ ಡಿಲೀಟ್ ಮಾಡಿ. ಬೇಕಾದಾಗ ಸಿಗತ್ತೆ, ಕಣ್ಣ ಮುಂದೆ ಇರಲ್ಲ. ಒಂದೇ ಎಚ್ಚರಿಕೆ, ಹಳೇ ಫೈಲಲ್ಲಿ ಕೀ ಇದ್ರೆ ಮೊದಲ ಕಮಿಟ್ಟಿಗೇ ಅದು ಹೋಗಿಬಿಡತ್ತೆ, ಹಾಗಾಗಿ ಮೊದಲು ಕೀ ಕಿತ್ತು ಆಮೇಲೆ ಹಾಕಿ, ಇಲ್ಲ ಅಂದ್ರೆ ಹೊಸ ಕೀ ಮಾಡ್ಕೊಳ್ಳಿ.

ಅದೇ ಹೊತ್ತಲ್ಲಿ 60 ಝೋನಲ್ಲಿ ಎಷ್ಟು ನಿಮ್ಮವು ಅಂತಾನೂ ನೋಡಿ. ಒಂದೊಂದು ಡೊಮೇನಿಗೂ ಮೇಲಿನ ಝೋನ್, ಅಂದ್ರೆ ಡಾಟ್ ಕಾಮ್ ಇತ್ಯಾದಿ ನಡೆಸೋ ಸರ್ವರ್‌ಗಳನ್ನೇ ಡಿಗ್ ಅನ್ನೋ ಕಮಾಂಡಿನಿಂದ ಕೇಳಿ, ಎನ್‌ಎಸ್ (ಡೊಮೇನಿನ ನೇಮ್ ಸರ್ವರ್ ಯಾವುದು ಅನ್ನೋ ರೆಕಾರ್ಡ್) ನಿಮ್ಮ ಕಡೆ ತೋರಿಸ್ತಾ ಇದೆಯಾ ಅಂತ. ಹಳೇ ಸೆಟಪ್‌ಗಳಲ್ಲಿ ಎಷ್ಟೋ ಡೊಮೇನ್ ಎಂದೋ ಬೇರೆ ಕಡೆ ಹೋಗಿರತ್ತೆ, ಝೋನ್ ಮಾತ್ರ ಇಲ್ಲೇ ಉಳ್ಕೊಂಡಿರತ್ತೆ. ಇದೇ ಸರ್ವರನ್ನ ಒಳಗಿನವರು ರಿಸಾಲ್ವರ್ ಆಗಿಯೂ ಬಳಸ್ತಿದ್ರೆ ಅವರಿಗೆ ಮಾತ್ರ ಹಳೇ ವಿಳಾಸ ಸಿಗತ್ತೆ, ಪ್ರಪಂಚಕ್ಕೆಲ್ಲ ಹೊಸದು, ಆ ಕಂಪ್ಲೇಂಟ್ ಹಿಡಿದು ಹೊರಟ್ರೆ ತಲೆ ಕೆಡತ್ತೆ. ಅದಕ್ಕೇ ಹೊರಗಿನವರಿಗೆ ಉತ್ತರ ಕೊಡೋ ಸರ್ವರಲ್ಲಿ ರಿಕರ್ಶನ್ (ಬೇರೆಯವರ ಡೊಮೇನ್ ಹುಡುಕಿ ಕೊಡೋದು) ನೋ ಇರಬೇಕು, ಒಳಗಿನ ಜನಕ್ಕೆ ರಿಸಾಲ್ವರ್ ಬೇರೆನೇ ಇರಬೇಕು.

ಝೋನ್ ಫೈಲ್ ವಿಷಯಕ್ಕೆ ಬರ್ತೀನಿ, ಅಸಲಿ ಎಡವಟ್ಟುಗಳು ಇರೋದು ಅಲ್ಲಿ. ಈ ಫೈಲ್ ಫಾರ್ಮ್ಯಾಟ್ 1987ರ ಆರ್‌ಎಫ್‌ಸಿ 1035ರದ್ದು, ಆ ಕಾಲಕ್ಕೆ ಕೈಯಲ್ಲಿ ಟೈಪ್ ಮಾಡೋರಿಗೆ ಅನುಕೂಲ ಆಗ್ಲಿ ಅಂತ ಕೆಲವು ಶಾರ್ಟ್‌ಕಟ್ ಇಟ್ಟಿದಾರೆ, ಆ ಶಾರ್ಟ್‌ಕಟ್ಟುಗಳೇ ಈಗ ಗುಂಡಿಗಳು. ಸಾಲಿನ ಶುರುವಲ್ಲಿ ಸ್ಪೇಸ್ ಇದ್ರೆ ಹಿಂದಿನ ಸಾಲಿನ ಹೆಸರೇ ಇದಕ್ಕೂ ಅಂತ ಅರ್ಥ, ಹಾಗಾಗಿ ಯಾರೋ ಅಚ್ಚುಕಟ್ಟಾಗಿರ್ಲಿ ಅಂತ ಸಾಲುಗಳನ್ನ ಮೇಲೆ ಕೆಳಗೆ ಮಾಡಿದ್ರೆ ಒಬ್ಬರ ಎಂಎಕ್ಸ್ (ಮೇಲ್ ಎಲ್ಲಿಗೆ ಹೋಗಬೇಕು ಅನ್ನೋ ರೆಕಾರ್ಡ್) ಇನ್ನೊಬ್ಬರ ಹೆಸರಿಗೆ ಹೋಗತ್ತೆ, ಸಿಂಟ್ಯಾಕ್ಸ್ ಪ್ರಕಾರ ಎಲ್ಲಾ ಸರಿ. ಪ್ರತಿ ಸಾಲಲ್ಲೂ ಹೆಸರು ಬರೀರಿ ಅಂತ ರೂಲ್ ಮಾಡ್ಕೊಳ್ಳಿ. ಸೆಮಿಕೋಲನ್ ಇನ್ನೊಂದು. ನೇಮ್ಡ್.ಕಾನ್ಫ್‌ನಲ್ಲಿ ಅದು ಹೇಳಿಕೆ ಮುಗಿಯೋ ಗುರುತು, ಝೋನ್ ಫೈಲಲ್ಲಿ ಅದು ಕಮೆಂಟ್ ಶುರು. ಮೇಲ್ ಅಸಲಿನಾ ಅಂತ ಪರೀಕ್ಷಿಸೋಕೆ ಇರೋ ಡಿಕಿಮ್, ಡಿಮಾರ್ಕ್ ರೆಕಾರ್ಡುಗಳ ತುಂಬಾ ಸೆಮಿಕೋಲನ್ನೇ ಇರತ್ತೆ, ಕೋಟ್ ಹಾಕದೇ ಅಂಟಿಸಿದ್ರೆ ಮೊದಲ ತುಂಡು ಮಾತ್ರ ಉಳಿದು ಮಿಕ್ಕಿದ್ದು ಕಮೆಂಟ್ ಆಗಿ ಹೋಗತ್ತೆ, ಝೋನ್ ಮಾತ್ರ ಖುಷಿಯಾಗಿ ಲೋಡ್ ಆಗತ್ತೆ. ಅದೇ ಟಿಎಕ್ಸ್‌ಟಿ ರೆಕಾರ್ಡಲ್ಲಿ ಒಂದು ಕೋಟ್ ಒಳಗೆ 255 ಬೈಟ್ ಮೀರೋ ಹಾಗಿಲ್ಲ, 2048 ಬಿಟ್ಟಿನ ಡಿಕಿಮ್ ಕೀ ಅದಕ್ಕಿಂತ ಉದ್ದ, ಎರಡು ಕೋಟುಗಳಾಗಿ ಒಡೆದು ಪಕ್ಕಪಕ್ಕ ಇಡಬೇಕು.

ಎಲ್ಲಕ್ಕಿಂತ ಹಳೇ ಕಾಯಿಲೆ ಕೊನೇ ಚುಕ್ಕಿ. ಮೇಲ್.ಎಕ್ಸಾಂಪಲ್.ಕಾಮ್ ಅಂತ ಬರೆದು ಕೊನೇಲಿ ಚುಕ್ಕಿ ಇಡದಿದ್ರೆ ಬೈಂಡ್ ಅದರ ಹಿಂದೆ ಝೋನ್ ಹೆಸರನ್ನೂ ಅಂಟಿಸತ್ತೆ, ಮೇಲ್.ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್ ಅಂತ ಆಗತ್ತೆ. ಹೊಸಬರು ಮಾಡೋ ತಪ್ಪು ಅಂತ ನಗಬೇಡಿ, 2009ರ ಅಕ್ಟೋಬರ್ 12ರಂದು ಸ್ವೀಡನ್ ದೇಶದ ಡಾಟ್ ಎಸ್‌ಇ ಇಡೀ ಕುಸಿದಿದ್ದು ಇದರಿಂದಾನೇ. ಝೋನ್ ತಯಾರು ಮಾಡೋ ಸ್ಕ್ರಿಪ್ಟ್ ರೆಕಾರ್ಡುಗಳ ಕೊನೇ ಚುಕ್ಕಿ ಹಾಕದೇ ಬಿಡ್ತು, ಡಾಟ್ ಎಸ್‌ಇ ಕೆಳಗಿದ್ದ ಲಕ್ಷಾಂತರ ಡೊಮೇನ್ ಒಂದೇ ಸಲಕ್ಕೆ ಹೋದ್ವು, ಸರಿ ಮಾಡಿದ್ಮೇಲೂ ಕ್ಯಾಶ್‌ಗಳಲ್ಲಿ ಕೆಟ್ಟ ಉತ್ತರ ಉಳಿದಿದ್ದರಿಂದ ಕೆಲವು ಕಡೆ ಇನ್ನೂ ಹೊತ್ತು ಹಿಡೀತು. ಕೈಯಲ್ಲಿ ಎಡಿಟ್ ಮಾಡೋದು ಬಿಟ್ಟು ಸ್ಕ್ರಿಪ್ಟ್ ಬರೆದ್ರೆ ಎಲ್ಲಾ ಸರಿಹೋಗತ್ತೆ ಅಂತ ನಂಬಿರೋರಿಗೆ ಇದನ್ನ ಹೇಳ್ತಾ ಇರ್ತೀನಿ, ಮನುಷ್ಯ ಒಂದು ಸಾಲು ಕೆಡಿಸಿದ್ರೆ ಸ್ಕ್ರಿಪ್ಟ್ ಎಲ್ಲಾ ಸಾಲನ್ನೂ ಕೆಡಿಸತ್ತೆ.

ನೇಮ್ಡ್-ಚೆಕ್‌ಝೋನ್ ಇದನ್ನ ಹಿಡಿಯಲ್ವಾ ಅಂದ್ರೆ, ಸ್ವಲ್ಪ ಹಿಡಿಯತ್ತೆ. ಎನ್‌ಎಸ್, ಎಂಎಕ್ಸ್ ಹೆಸರುಗಳಿಗೆ ಅದೇ ಝೋನಲ್ಲಿ ವಿಳಾಸ ಇಲ್ಲ ಅಂದ್ರೆ ಗೊಣಗತ್ತೆ, ಆದ್ರೆ ಸಿನೇಮ್ ಎಲ್ಲಿಗೆ ಬೇಕಾದ್ರೂ ತೋರಿಸಬಹುದಲ್ಲ, ಅದಕ್ಕೆ ತಲೆ ಕೆಡಿಸ್ಕೊಳ್ಳಲ್ಲ. ನಾನು ಮಾಡೋದು ಬೇರೆ. ನೇಮ್ಡ್-ಕಂಪೈಲ್‌ಝೋನ್ ಅಂತ ಜೊತೆಗೇ ಬರೋ ಟೂಲ್ ಇದೆ, ಅದು ಝೋನ್ ಫೈಲನ್ನ ಓದಿ ಶಾರ್ಟ್‌ಕಟ್ ಎಲ್ಲಾ ಬಿಡಿಸಿ, ಪ್ರತಿ ಸಾಲಲ್ಲೂ ಪೂರ್ತಿ ಹೆಸರು, ಟಿಟಿಎಲ್ (ಕ್ಯಾಶಲ್ಲಿ ಎಷ್ಟು ಹೊತ್ತು ಇರಬಹುದು ಅನ್ನೋದು), ಎಲ್ಲಾ ಹಾಕಿ ಬರೆದು ಕೊಡತ್ತೆ. ಹಳೇ ಝೋನಿಗೆ ಒಂದು, ಹೊಸದಕ್ಕೆ ಒಂದು ಹೀಗೆ ತೆಗೆದು ಆ ಎರಡರ ಡಿಫ್ ನೋಡಿ. ನೀವು ಒಂದೇ ಒಂದು ಎ ರೆಕಾರ್ಡ್ ಬದಲಾಯಿಸಿದ್ರೆ ಡಿಫ್‌ನಲ್ಲಿ ಆ ರೆಕಾರ್ಡೂ ಎಸ್‌ಒಎನೂ ಮಾತ್ರ ಕಾಣಬೇಕು. ಮೂರನೇ ಸಾಲು ಕಂಡ್ರೆ ನಿಲ್ಲಿಸಿ. ಚುಕ್ಕಿ ಬಿಟ್ಟಿದ್ರೆ ಹೆಸರು ಎರಡೆರಡು ಸಲ ಕಣ್ಣಿಗೆ ಹೊಡೆಯತ್ತೆ, ಟಿಎಕ್ಸ್‌ಟಿ ಕತ್ತರಿಸಿ ಹೋಗಿದ್ರೆ ಕಾಣತ್ತೆ, ಎಂಎಕ್ಸ್ ಬೇರೆ ಹೆಸರಿಗೆ ಜಾರಿದ್ರೆ ಕಾಣತ್ತೆ. ಗಿಟ್ ತೋರಿಸೋ ಡಿಫ್‌ಗಿಂತ ಇದು ನೂರು ಪಾಲು ವಾಸಿ, ಗಿಟ್ ತೋರಿಸೋದು ನೀವು ಟೈಪ್ ಮಾಡಿದ್ದು, ಇದು ತೋರಿಸೋದು ಬೈಂಡ್ ಅರ್ಥ ಮಾಡ್ಕೊಂಡಿದ್ದು.

ಇನ್ನು ಸೀರಿಯಲ್ ನಂಬರ್. ಸೀರಿಯಲ್ ಏರಿಸದೇ ರೀಲೋಡ್ ಕೊಟ್ರೆ ಪ್ರೈಮರಿ ಹೊಸದನ್ನೇ ಕೊಡತ್ತೆ, ಸೆಕೆಂಡರಿಗೆ ಏನೂ ಬದಲಾಗಿಲ್ಲ ಅನ್ಸತ್ತೆ, ಹಳೇದನ್ನೇ ಕೊಡತ್ತೆ. ಅರ್ಧ ಜನಕ್ಕೆ ಹೊಸ ಸರ್ವರ್ ಅರ್ಧ ಜನಕ್ಕೆ ಹಳೇದು. ಲಾಗಲ್ಲಿ ಸೀರಿಯಲ್ ಬದಲಾಗಿಲ್ಲ ಅಂತ ಎಚ್ಚರಿಕೆ ಇರತ್ತೆ, ಮತ್ತೆ ಅದೇ ಕಥೆ, ಯಾರು ಓದ್ತಾರೆ. ವರ್ಷ ತಿಂಗಳು ದಿನ ಆಮೇಲೆ ಎರಡಂಕಿ, ಈ ಪದ್ಧತಿನೇ ಇಟ್ಕೊಳ್ಳಿ. ಯೂನಿಕ್ಸ್ ಟೈಮ್ ಹಾಕೋಣ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ, ಅದು ಈಗ 17ರಿಂದ ಶುರುವಾಗೋ ಹತ್ತಂಕಿ, ನಿಮ್ಮದು 20ರಿಂದ ಶುರುವಾಗೋ ಹತ್ತಂಕಿ, ಸೀರಿಯಲ್ ಹಿಂದಕ್ಕೆ ಹೋದ ಹಾಗಾಗತ್ತೆ.

ಯಾರಾದ್ರೂ 2025060101 ಬದಲು 2052060101 ಅಂತ ಹೊಡೆದುಬಿಟ್ರೆ? 2052ರವರೆಗೆ ಕಾಯೋದು ಬೇಡ. ಸೀರಿಯಲ್ 32 ಬಿಟ್ಟಿನ ಸಂಖ್ಯೆ, ಗಡಿಯಾರದ ಮುಳ್ಳಿನ ಹಾಗೆ ಸುತ್ತತ್ತೆ, ಆರ್‌ಎಫ್‌ಸಿ 1982ರಲ್ಲಿ ಅದರ ಲೆಕ್ಕ ಇದೆ. ಒಂದು ಸಲಕ್ಕೆ ಮುಂದಕ್ಕೆ ತಳ್ಳಬಹುದಾದ ಅತಿ ದೊಡ್ಡ ಹೆಜ್ಜೆ 2147483647. ತಪ್ಪು ಸೀರಿಯಲ್‌ಗೆ ಅಷ್ಟು ಕೂಡಿಸಿ, 4199543748 ಬರತ್ತೆ, ಅದನ್ನ ಹಾಕಿ ರೀಲೋಡ್ ಮಾಡಿ, ಎಲ್ಲಾ ಸೆಕೆಂಡರಿಗಳೂ ಅದನ್ನ ತಗೊಂಡ್ವು ಅಂತ ಡಿಗ್‌ನಲ್ಲಿ ನೋಡಿ, ಆಮೇಲೆ ಸರಿಯಾದ 2025060101 ಹಾಕಿ, ಈಗ ಅದು ಮುಂದಿನದ್ದು ಅಂತಾನೇ ಲೆಕ್ಕ. ನಿಮ್ಮ ಥರ ಸೆಕೆಂಡರಿನೂ ನಿಮ್ಮ ಕೈಯಲ್ಲೇ ಇದ್ರೆ ಇಷ್ಟೆಲ್ಲಾ ಬೇಡ, ಪ್ರೈಮರಿಯಲ್ಲಿ ಸರಿ ಮಾಡಿ ಸೆಕೆಂಡರಿಯಲ್ಲಿ ಆರ್‌ಎನ್‌ಡಿಸಿ ರೀಟ್ರಾನ್ಸ್‌ಫರ್ ಅಂತ ಝೋನ್ ಹೆಸರು ಕೊಡಿ, ಸೀರಿಯಲ್ ಎಷ್ಟೇ ಇರ್ಲಿ ಪೂರ್ತಿ ಹೊಸದಾಗಿ ಎಳ್ಕೊಳ್ಳತ್ತೆ.

ಗಿಟ್ ಸಾಕಾ ಅಂತ ಕೇಳಿದ್ರಲ್ಲ, ಗಿಟ್ ಬೇಕು, ಆದ್ರೆ ಅದು ಸೀರಿಯಲ್ ಜೊತೆ ಸೇರಿದಾಗ ಒಂದು ಬಲೆ ಇದೆ. ಒಂದು ಬದಲಾವಣೆ ಕೆಟ್ಟಿತು, ಗಾಬರಿಯಲ್ಲಿ ಗಿಟ್ ರಿವರ್ಟ್ ಹೊಡೀತೀರಿ, ಫೈಲು ನಿನ್ನೆಯದ್ದಕ್ಕೆ ಹೋಯ್ತು, ಸೀರಿಯಲ್ಲೂ ನಿನ್ನೆಯದ್ದಕ್ಕೇ ಹೋಯ್ತು. ಪ್ರೈಮರಿ ಸರಿಹೋಗತ್ತೆ, ಸೆಕೆಂಡರಿ ಕೆಟ್ಟಿದ್ದನ್ನೇ ಹಿಡ್ಕೊಂಡು ಕೂತಿರತ್ತೆ, ಯಾಕಂದ್ರೆ ಅದರ ಹತ್ರ ಇರೋ ಸೀರಿಯಲ್ಲೇ ದೊಡ್ಡದು. ಹಿಂದಕ್ಕೆ ಹೋಗೋದು ಅಂದ್ರೆ ಹಳೇ ವಿಷಯ ಹೊಸ ಸೀರಿಯಲ್, ಯಾವಾಗ್ಲೂ. ಅದಕ್ಕೇ ಗಿಟ್ಟಲ್ಲಿರೋ ಫೈಲಲ್ಲಿ ಸೀರಿಯಲ್ ಜಾಗದಲ್ಲಿ ಒಂದು ಗುರುತು ಮಾತ್ರ ಇಟ್ಟು, ಸರ್ವರಿಗೆ ಹಾಕೋ ಸ್ಕ್ರಿಪ್ಟೇ ಈಗ ಓಡ್ತಾ ಇರೋ ಸೀರಿಯಲ್ ಕೇಳಿ ಅದಕ್ಕಿಂತ ದೊಡ್ಡದನ್ನ ತುಂಬೋ ಹಾಗೆ ಮಾಡಿ. ಮನುಷ್ಯರ ಕೈಗೆ ಸೀರಿಯಲ್ ಕೊಡಲೇಬಾರದು ಅನ್ನೋದು ನನ್ನ ಅಭಿಪ್ರಾಯ.

ಆ ಸ್ಕ್ರಿಪ್ಟ್ ಏನೂ ದೊಡ್ಡದಲ್ಲ. ಗಿಟ್ಟಿಂದ ತಗೊಳ್ಳೋದು, ಸೀರಿಯಲ್ ತುಂಬೋದು, ಬೇರೆ ಫೋಲ್ಡರಲ್ಲಿ ನೇಮ್ಡ್-ಚೆಕ್‌ಝೋನ್ ಓಡಿಸೋದು, ಕಂಪೈಲ್ ಮಾಡಿದ ಡಿಫ್ ತೋರಿಸಿ ಹೌದಾ ಅಂತ ಕೇಳೋದು, ಆಮೇಲೆ ಫೈಲನ್ನ ಅದೇ ಡಿಸ್ಕಲ್ಲಿ ಬೇರೆ ಹೆಸರಲ್ಲಿ ಬರೆದು ಮೂವ್ ಮಾಡೋದು, ಇದರಿಂದ ಅರ್ಧ ಬರೆದ ಫೈಲನ್ನ ಬೈಂಡ್ ಓದೋ ಸಂದರ್ಭನೇ ಬರಲ್ಲ. ಆಮೇಲೆ ಆ ಒಂದು ಝೋನಿಗೆ ಮಾತ್ರ ರೀಲೋಡ್. ಝೋನ್ ಪಟ್ಟಿಗೆ ಹೊಸ ಝೋನ್ ಸೇರಿಸಿದ್ರೆ ಆರ್‌ಎನ್‌ಡಿಸಿ ರೀಕಾನ್ಫಿಗ್ ಸಾಕು, ಅದು ಕಾನ್ಫಿಗ್ ಮತ್ತೆ ಓದಿ ಹೊಸ ಝೋನ್ ಮಾತ್ರ ತಗೊಳ್ಳತ್ತೆ, ಹಳೇ ಝೋನ್ ಫೈಲುಗಳನ್ನ ಮುಟ್ಟಲ್ಲ. ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ದಿನನಿತ್ಯದ ಕೆಲಸಕ್ಕೆ ಬೇಡವೇ ಬೇಡ. ಕೊನೇಲಿ ಸ್ಕ್ರಿಪ್ಟ್ ಎರಡೂ ಸರ್ವರಿಗೆ ಎಸ್‌ಒಎ ಕೇಳಿ ಎರಡೂ ಕಡೆ ಹೊಸ ಸೀರಿಯಲ್ ಬರೋವರೆಗೆ ಕಾಯಬೇಕು, ಒಂದು ನಿಮಿಷದಲ್ಲಿ ಬರ್ಲಿಲ್ಲ ಅಂದ್ರೆ ಕೂಗಬೇಕು. ನೋಟಿಫೈ (ಝೋನ್ ಬದಲಾಗಿದೆ ಅಂತ ಪ್ರೈಮರಿ ಕಳಿಸೋ ಸುದ್ದಿ) ಸರಿಯಾಗಿ ತಲುಪ್ತಾ ಇದ್ರೆ ಸಾಮಾನ್ಯವಾಗಿ ಕೆಲವೇ ಸೆಕೆಂಡಲ್ಲಿ ಬಂದುಬಿಡತ್ತೆ. ರಾತ್ರಿ ಒಂದು ಸಲ ಇದನ್ನೇ ಎಲ್ಲಾ ಝೋನಿಗೂ ಓಡಿಸಿ, ಫೈಲಲ್ಲಿ ಎಷ್ಟು, ಪ್ರೈಮರಿ ಎಷ್ಟು ಅಂತಿದೆ, ಸೆಕೆಂಡರಿ ಎಷ್ಟು ಅಂತಿದೆ. ಇದಿದ್ದಿದ್ರೆ ನಿಮ್ಮ ಮೂರು ಡೊಮೇನ್ ರೀಸ್ಟಾರ್ಟ್ ಆದ ರಾತ್ರಿನೇ ಸಿಕ್ಕಿಬೀಳ್ತಿದ್ವು.

ಕೆಲವು ಝೋನುಗಳಿಗೆ ಈ ಪದ್ಧತಿ ನಡೆಯಲ್ಲ. ಕಾನ್ಫಿಗ್‌ನಲ್ಲಿ ಅಲೋ-ಅಪ್‌ಡೇಟ್ ಅಥವಾ ಅಪ್‌ಡೇಟ್-ಪಾಲಿಸಿ ಇರೋ ಝೋನ್ ಡೈನಮಿಕ್ ಝೋನ್, ಅಂದ್ರೆ ಸರ್ವರ್ ಓಡ್ತಾ ಇರೋವಾಗಲೇ ಹೊರಗಿಂದ ಬದಲಾಯಿಸಬಹುದಾದ್ದು, ಅದರ ಫೈಲ್ ಬೈಂಡ್‌ದು, ನಿಮ್ಮದಲ್ಲ. ಪಕ್ಕದಲ್ಲಿ ಜೆಎನ್‌ಎಲ್ ಅಂತ ಕೊನೆಯಾಗೋ ಜರ್ನಲ್ ಫೈಲ್ ಇರತ್ತೆ, ಹೊಸ ಬದಲಾವಣೆ ಮೊದಲು ಅಲ್ಲಿಗೆ ಬೀಳತ್ತೆ, ಆಮೇಲೆ ಬೈಂಡ್ ಮುಖ್ಯ ಫೈಲನ್ನ ತಾನೇ ಮತ್ತೆ ಬರೆಯತ್ತೆ, ನಿಮ್ಮ ಕಮೆಂಟು ಜೋಡಣೆ ಎಲ್ಲಾ ಹೋಗತ್ತೆ. ನೀವು ನಡುವೆ ಕೈ ಹಾಕಿ ಎಡಿಟ್ ಮಾಡಿದ್ರೆ ಜರ್ನಲ್ಲಿಗೂ ಫೈಲಿಗೂ ತಾಳೆ ಆಗದೇ ಝೋನ್ ಲೋಡ್ ಆಗೋದೇ ನಿಲ್ಲಬಹುದು, ಆಗ ಕೆಲವರು ಜರ್ನಲ್ಲನ್ನೇ ಡಿಲೀಟ್ ಮಾಡ್ತಾರೆ, ಅದ್ರಲ್ಲಿದ್ದ ಅಪ್‌ಡೇಟುಗಳು ಅಲ್ಲಿಗೆ ಹೋದ್ವು. ಎಡಿಟ್ ಮಾಡಲೇಬೇಕು ಅಂದ್ರೆ ಆರ್‌ಎನ್‌ಡಿಸಿ ಫ್ರೀಝ್, ಎಡಿಟ್, ಆಮೇಲೆ ಆರ್‌ಎನ್‌ಡಿಸಿ ಥಾ (ಫ್ರೀಝ್ ಬಿಡಿಸೋದು). ಅದಕ್ಕಿಂತ ಓಡ್ತಾ ಇರೋ ಝೋನಿಗೇ ಬದಲಾವಣೆ ಕಳಿಸೋ ಎನ್‌ಎಸ್‌ಅಪ್‌ಡೇಟ್ ಕಮಾಂಡ್ ಬಳಸೋದು ಒಳ್ಳೇದು. ಇಂಥ ಫೈಲುಗಳನ್ನ /ವಾರ್/ಲಿಬ್/ಬೈಂಡ್ ಒಳಗೆ ಇಡಿ, /ಇಟಿಸಿ/ಬೈಂಡ್ ಒಳಗೆ ಬೈಂಡ್ ಬರೆಯೋಕೆ ಡೆಬಿಯನ್‌ನ ಆಪ್‌ಆರ್ಮರ್ ಅನ್ನೋ ಭದ್ರತಾ ಕಾವಲು ಬಿಡಲ್ಲ, ಪರ್ಮಿಶನ್ ಎಲ್ಲಾ ಸರಿ ಇದ್ರೂ ಯಾಕೆ ಬರೀತಿಲ್ಲ ಅಂತ ಒದ್ದಾಡ್ತೀರಿ.

ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟಿಗೋಸ್ಕರ ಇಡೀ ಝೋನನ್ನೇ ಡೈನಮಿಕ್ ಮಾಡೋದು ಈಚೆಗೆ ತುಂಬಾ ನೋಡ್ತೀನಿ. ಬೇಕಾಗಿಲ್ಲ. ಡೊಮೇನ್ ನಿಮ್ಮದೇನಾ ಅಂತ ಅವರು ಪರೀಕ್ಷಿಸೋ ಚಾಲೆಂಜ್ ಹೆಸರನ್ನ ಒಂದು ಸಿನೇಮ್ ಹಾಕಿ ಬೇರೆ ಒಂದು ಪುಟ್ಟ ಡೈನಮಿಕ್ ಝೋನಿಗೆ ತಿರುಗಿಸಿ, ಅವರು ಸಿನೇಮ್ ಹಿಂಬಾಲಿಸಿ ಹೋಗ್ತಾರೆ. ಮುಖ್ಯ ಝೋನ್ ಗಿಟ್ಟಲ್ಲಿ ತಣ್ಣಗೆ ಇರತ್ತೆ, ಮಷೀನುಗಳು ಆ ಪುಟ್ಟ ಝೋನಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ.

ಡಿಎನ್‌ಎಸ್‌ಸೆಕ್ (ರೆಕಾರ್ಡುಗಳಿಗೆ ಡಿಜಿಟಲ್ ಸಹಿ) ಇದ್ರೆ ಡಿಎನ್‌ಎಸ್‌ಸೆಕ್-ಪಾಲಿಸಿ ಜೊತೆ ಇನ್‌ಲೈನ್ ಸೈನಿಂಗ್ ಆನ್ ಮಾಡಿ, ನಿಮ್ಮ ಸಾದಾ ಫೈಲ್ ನಿಮ್ಮದಾಗೇ ಉಳಿಯತ್ತೆ, ಸಹಿ ಹಾಕಿದ ಕಾಪಿನ ಬೈಂಡ್ ಬೇರೆ ಫೈಲಲ್ಲಿ ಇಟ್ಕೊಳ್ಳತ್ತೆ. ಆ ಕಾಪಿಯ ಸೀರಿಯಲ್ ನಿಮ್ಮ ಫೈಲಿಗಿಂತ ಮುಂದೆ ಓಡ್ತಾ ಇರತ್ತೆ, ಅದು ಸಹಜ, ರಾತ್ರಿ ಹೋಲಿಸೋ ಸ್ಕ್ರಿಪ್ಟಿಗೆ ಮಾತ್ರ ಹೇಳಿಕೊಡಿ. ಕೀ ಫೋಲ್ಡರ್ ಗಿಟ್ಟಿಗೆ ಹಾಕಬೇಡಿ ಆದ್ರೆ ಬೇರೆ ಕಡೆ ಭದ್ರವಾಗಿ ಬ್ಯಾಕಪ್ ಇರ್ಲೇಬೇಕು. ಡಿಸ್ಕ್ ಹೋಗಿ ಝೋನ್ ಫೈಲ್ ಉಳಿದು ಕೀ ಕಳೆದ್ರೆ, ಹೊಸ ಕೀ ಆದ್ರೆ ಮೇಲಿನ ಝೋನಲ್ಲಿರೋ ಡಿಎಸ್ ರೆಕಾರ್ಡಿಗೆ (ನಿಮ್ಮ ಹಳೇ ಕೀ ಗುರುತು) ಹೊಂದಲ್ಲ, ಸಹಿ ಪರೀಕ್ಷೆ ಮಾಡೋ ರಿಸಾಲ್ವರ್‌ಗಳಿಗೆಲ್ಲ ನಿಮ್ಮ ಡೊಮೇನ್ ಸತ್ತ ಹಾಗೆ.

ಸೆಕೆಂಡರಿಯಲ್ಲಿ ಫೈಲ್ ತೆಗೆದು ನೋಡಿದ್ರೆ ಕಸದ ಥರ ಕಾಣತ್ತೆ, ಗಾಬರಿ ಬೇಡ, ಬೈಂಡ್ 9.9ರಿಂದ ಸೆಕೆಂಡರಿಗಳು ರಾ ಅನ್ನೋ ಬೈನರಿ ಫಾರ್ಮ್ಯಾಟಲ್ಲಿ ಬರೀತವೆ, ಕಂಪೈಲ್‌ಝೋನಿನಿಂದಾನೇ ಟೆಕ್ಸ್ಟ್ ಮಾಡಿ ಓದಬಹುದು. ಹೊಸ ಝೋನ್ ಸೇರಿಸಿದಾಗೆಲ್ಲ ಸೆಕೆಂಡರಿಯಲ್ಲೂ ಸೇರಿಸಕ್ಕೆ ಮರೆತುಹೋಗೋದು ಮಾಮೂಲಿ, ಅದಕ್ಕೆ ಕ್ಯಾಟಲಾಗ್ ಝೋನ್ ಅಂತ ಬಂದಿದೆ, ಝೋನುಗಳ ಪಟ್ಟಿನೇ ಒಂದು ಝೋನ್ ಆಗಿ ಪ್ರೈಮರಿಯಿಂದ ಸೆಕೆಂಡರಿಗೆ ಹೋಗತ್ತೆ, ಸೆಕೆಂಡರಿ ತಾನೇ ಸೇರಿಸ್ಕೊಳ್ಳತ್ತೆ, ತಾನೇ ತೆಗೆಯತ್ತೆ. ಬೈಂಡ್‌ನಲ್ಲಿ 9.11ರಿಂದ ಇದೆ, 2023ರಲ್ಲಿ ಆರ್‌ಎಫ್‌ಸಿ 9432 ಆಗಿ ಬಂತು. ತಾನೇ ತೆಗೆಯತ್ತೆ ಅನ್ನೋದನ್ನ ಇನ್ನೊಂದ್ಸಲ ಓದಿ, ಕ್ಯಾಟಲಾಗಲ್ಲಿ ಸಾಲು ತಪ್ಪಿ ಅಳಿಸಿದ್ರೆ ಸೆಕೆಂಡರಿಯಲ್ಲೂ ಝೋನ್ ಹೋಯ್ತು, ಈ ಸಲ ವಾರಗಟ್ಟಲೆ ಕಾಪಾಡೋ ಕಾಪಿನೂ ಇರಲ್ಲ. ಹಾಗಾಗಿ ಮೊದಲು ಮೇಲಿನ ಸ್ಕ್ರಿಪ್ಟ್ ನೆಲೆ ನಿಲ್ಲಲಿ, ಆಮೇಲೆ ಇದಕ್ಕೆ ಹೋಗಿ.

ವೆಬ್‌ಮಿನ್ ಪ್ರಶ್ನೆಗೆ: ಅದು ಕೆಟ್ಟದ್ದೇನಲ್ಲ, ಆದ್ರೆ ಅದೂ ಇದೇ ಫೈಲುಗಳನ್ನೇ ನೇರವಾಗಿ ಬರೆಯತ್ತೆ. ಒಬ್ರು ಗಿಟ್ಟಿಂದ ಹಾಕ್ತಾರೆ ಇನ್ನೊಬ್ರು ಪ್ಯಾನಲ್ಲಿಂದ ಬದಲಾಯಿಸ್ತಾರೆ ಅಂದ್ರೆ ಮುಂದಿನ ಸಲ ಗಿಟ್ಟಿಂದ ಹಾಕಿದಾಗ ಪ್ಯಾನಲ್ ಬದಲಾವಣೆ ಅಳಿಸಿ ಹೋಗತ್ತೆ, ಯಾರದ್ದು ತಪ್ಪು ಅಂತ ಜಗಳ. ಎರಡರಲ್ಲಿ ಒಂದೇ ದಾರಿ ಇರಲಿ. ಕಮಾಂಡ್ ಲೈನ್ ಬೇಡ ಅನ್ನೋ ಜನ ಹೆಚ್ಚಿದ್ರೆ, ರೆಕಾರ್ಡ್ ಬದಲಾವಣೆ ದಿನಾ ಇದ್ರೆ, ಡೇಟಾಬೇಸಲ್ಲಿ ಝೋನ್ ಇಡೋ ಪವರ್‌ಡಿಎನ್‌ಎಸ್ ಥರದ್ದಕ್ಕೆ ಪೂರ್ತಿ ಹೋಗೋದು ಅರ್ಥ ಇದೆ. ಆಕ್ಟೋಡಿಎನ್‌ಎಸ್, ಡಿಎನ್‌ಎಸ್‌ಕಂಟ್ರೋಲ್ ಅಂತ ಇವೆ, ಒಂದೇ ಡೊಮೇನನ್ನ ಎರಡು ಮೂರು ಕ್ಲೌಡ್ ಕಂಪನಿಗಳಲ್ಲಿ ಇಡೋರಿಗೆ ಅವು ಚೆನ್ನಾಗಿ ಒದಗ್ತವೆ. ನಿಮ್ಮ 60 ಝೋನ್, ಎರಡು ಸರ್ವರ್, ನಾಲ್ಕು ಜನಕ್ಕೆ ಟೆಕ್ಸ್ಟ್ ಫೈಲು, ಗಿಟ್ಟು, ಆ ಒಂದು ಸ್ಕ್ರಿಪ್ಟು ಧಾರಾಳ ಆಯ್ತು. ನಾಲ್ಕೂ ಜನರ ರೂಟ್ ಕಿತ್ತು ಸುಡೋ ಕಮಾಂಡಲ್ಲಿ ಆ ಸ್ಕ್ರಿಪ್ಟನ್ನ ಮಾತ್ರ ಓಡಿಸೋ ಅನುಮತಿ ಕೊಡಿ, ಮೊದಲ ತಿಂಗಳು ಬೈಕೋತಾರೆ, ಬೈಕೊಳ್ಳಲಿ.